ಖಾಲಿ ಹಾಳೆಗೆ ಹತ್ತಕ್ಕೆ ಹತ್ತು

ಮೊನ್ನೆ ನಮ್ಮ ಬೀದಿಯ ಸಹನಾ ಅನ್ನೋ ಹುಡುಗಿಗೆ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿಯ ಕೆಲಸ ಸಿಕ್ಕಿತು. ಸ್ವೀಟ್ ಬಾಕ್ಸ್ ಹಿಡ್ಕೊಂಡು ಮನೆಗೆ ಬಂದವಳು, "ಸರ್, ಮೊದಲ ದಿನ ಸ್ಕೂಲಿಗೆ ಏನೇನು ತಗೊಂಡು ಹೋಗ್ಲಿ?" ಅಂತ ಕೇಳಿದಳು. "ಒಂದು ಸುತ್ತಿಗೆ, ಕಾಲು ಕೆಜಿ ಮೊಳೆ, ಒಂದು ಉಂಡೆ ಸೆಣಬಿನ ಹುರಿ" ಅಂದೆ. ತಮಾಷೆ ಅಂದ್ಕೊಂಡು ನಕ್ಕಳು. ನಗಲಿ ಪಾಪ, ಇನ್ನೂ ಆರ್ಡರ್ ಕಾಪಿಯ ಇಂಕು ಆರಿಲ್ಲ. ಆಗಸ್ಟ್ ಹದಿನೈದು ಬರ್ಲಿ, ಬಣ್ಣದ ಕಾಗದ ಕಟ್ಟೋಕೆ ಏಣಿ ಹತ್ತೋದು ಯಾರು ಅಂತ ಆಗ ಗೊತ್ತಾಗುತ್ತೆ.

ನಾನು ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆಗಿ ಎರಡು ವರ್ಷ ಆಯ್ತು. ತೀರ್ಥಹಳ್ಳಿ ಕಡೆ, ಹೊಸನಗರ ಕಡೆ, ಕೊನೆಗೆ ನಮ್ಮ ಸಾಗರ ತಾಲ್ಲೂಕಿನದೇ ಬ್ಯಾಕೋಡು ಕಡೆ ಕೆಲಸ ಮಾಡಿದವ. ಸಹನಾಗೆ ಸುತ್ತಿಗೆ, ಮೊಳೆ ಅಂತ ಹೇಳಿ ಕಳಿಸಿದೆನಲ್ಲ, ಅವಳು ಹೋದ ಮೇಲೆ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ. ಹೇಳಬೇಕಾದ್ದನ್ನ ಹೇಳ್ಲೇ ಇಲ್ಲ. ಚೆಂದಾಗಿ ಚಿತ್ರ ಬರೀತಿದ್ದ ಒಂದು ಹುಡುಗಿ ನನ್ನ ದೆಸೆಯಿಂದ ಪೆನ್ಸಿಲ್ ಕೆಳಗಿಟ್ಟಿದ್ದಳು. ಅವಳು ಮತ್ತೆ ಬರೀತಾಳೋ ಇಲ್ಲವೋ ಅಂತ ಒಂದಿಡೀ ಮಳೆಗಾಲ ನನಗೆ ಅನ್ನ ರುಚಿಸಲಿಲ್ಲ. ಆ ಕಥೆ ಹೇಳಬೇಕಿತ್ತು. ಬಾಯಲ್ಲಿ ಹೇಳೋಕೆ ನಾಚಿಕೆ, ಅದಕ್ಕೇ ಬರೀತಿದೀನಿ. ಆದ್ರೆ ನನ್ನ ಸ್ವಭಾವ ನೆಟ್ಟಗೆ ಹೋಗೋದಲ್ಲ, ಸ್ವಲ್ಪ ಸುತ್ತು ಹಾಕ್ಕೊಂಡೇ ಬರ್ತೀನಿ, ಸಹಿಸ್ಕೊಳ್ಳಿ.

ನಮ್ಮಪ್ಪ ಮೊದಲು ಗೇಣಿ ಗದ್ದೆ ಮಾಡ್ತಿದ್ದವರು, ಆಮೇಲೆ ಆ ಗದ್ದೆ ನಮ್ಮದೇ ಆಯ್ತು. ಅಪ್ಪನ ಅಕ್ಕ ದ್ಯಾವತ್ತೆ ನಮ್ಮನೇಲೇ ಇದ್ದಳು. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೇಲಿ ಮದುವೆ ಅಂದ್ರೂ ಹಸೆಗೋಡೆಗೆ ಚಿತ್ತಾರ ಬರೆಯೋಕೆ ಅವಳೇ ಆಗಬೇಕು. ಮದುಮಕ್ಕಳು ಕೂರೋ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ಅರೆದ ಬಿಳಿ, ಹುರಿದು ಕಪ್ಪು ಮಾಡಿದ ಅಕ್ಕಿಯ ಕರಿ, ಪುಂಡಿ ನಾರು ಜಜ್ಜಿ ಮಾಡಿದ ಕುಂಚ, ಇಷ್ಟೇ ಅವಳ ಸಾಮಾನು. ಸ್ಕೇಲಿಲ್ಲ, ದಾರವಿಲ್ಲ. ಉಸಿರು ಕಟ್ಟಿ ಒಂದೇ ಎಳೆತಕ್ಕೆ ಗೆರೆ ಎಳೀತಿದ್ದಳು. ಅದು ಹೆಂಗಸರ ಕೆಲಸ. ನಾನು ಗಂಡು ಹುಡುಗ, ಆದ್ರೂ ಅವಳ ಸೆರಗು ಹಿಡ್ಕೊಂಡು ಮದುವೆ ಮನೆ ಮದುವೆ ಮನೆ ತಿರುಗ್ತಿದ್ದೆ. "ಇವ್ನಿಗೆ ಒಂದು ಲಂಗ ಹೊಲ್ಸಿಬಿಡು ದ್ಯಾವಮ್ಮ" ಅಂತ ಊರ ಗಂಡಸರು ಚಾಳಿಸ್ತಿದ್ದರು.

ಒಂದ್ಸಲ ಅತ್ತೆ ಎಲೆಅಡಿಕೆ ಹಾಕೋಕೆ ಎದ್ದು ಹೋದಾಗ ಕುಂಚ ತಗೊಂಡು ಅವಳ ಗೋಡೆಗೆ ನಾನೂ ಒಂದು ಗೆರೆ ಎಳೆದೆ. ವಾಪಸ್ ಬಂದವಳು ಕೈಗೆ ಫಟ್ ಅಂತ ಕೊಟ್ಟಳು. ನಾನು ಅತ್ತುಬಿಟ್ಟೆ. ಅಷ್ಟೇ ಆಗಿದ್ರೆ ನಾನು ಇವತ್ತು ಬೇರೆ ಏನೋ ಆಗಿರ್ತಿದ್ದೆ. ಮನೆಗೆ ಹೋದ ಮೇಲೆ ಅವಳೇ ಕೊಟ್ಟಿಗೆಯ ಒಳಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ತೆಂಗಿನ ಕರಟ ನನ್ನ ಮುಂದಿಟ್ಟು, "ಇಲ್ಲಿ ಎಂತ ಬೇಕಾದ್ರೂ ಬರ್ಕ. ದನ ಬೇಜಾರು ಮಾಡ್ಕಳಲ್ಲ" ಅಂದಳು. ಇಡೀ ಮಧ್ಯಾಹ್ನ ಕೂತು ಪಲ್ಲಕ್ಕಿ ಬರೆದೆ. ಪಲ್ಲಕ್ಕಿ ಅಂತ ನನಗೆ ಮಾತ್ರ ಗೊತ್ತಿತ್ತು ಅನ್ನಿ. ಬೆಳಿಗ್ಗೆ ಎದ್ದು ನೋಡ್ತೀನಿ, ಪಲ್ಲಕ್ಕಿ ಮಾಯ! ಅಕ್ಕಿಹಿಟ್ಟಲ್ವಾ, ನಮ್ಮ ಗೌರಿ ಹಸು ನಾಲಿಗೆ ಚಾಚಿ ಸಾಫ್ ಮಾಡಿತ್ತು. ನಾನು ಹೋ ಅಂತ ಅತ್ತೆ ಹತ್ರ ಅಳ್ತಾ ಹೋದ್ರೆ, "ಅಳ್ತೀಯ ಎಂತಕೆ? ನನ್ನ ಚಿತ್ತಾರ ಇಷ್ಟು ವರ್ಷದಲ್ಲಿ ಒಬ್ರೂ ನೆಕ್ಕಿಲ್ಲ" ಅಂದಳು. ಮತ್ತೆ ಬರೆದೆ, ಈ ಸಲ ಗೌರಿಯ ನಾಲಿಗೆಗೆ ಎಟುಕದಷ್ಟು ಮೇಲೆ. ಅತ್ತೆ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನೋಡಿ, "ಹ್ಞೂಂ" ಅಂದು ಹೋಗ್ತಿದ್ದಳು. ಅಲ್ಲಿ ಸೊಟ್ಟ, ಇಲ್ಲಿ ಓರೆ ಅಂತ ಒಂದು ದಿನವೂ ನನ್ನ ಗೋಡೆಗೆ ಅವಳು ಕುಂಚ ತಾಗಿಸಲಿಲ್ಲ.

ಆಮೇಲೆ ಡ್ರಾಯಿಂಗ್ ಲೋಯರ್ ಪರೀಕ್ಷೆ ಕಟ್ಟಿದೆ. ಸ್ಕೇಲ್ ಬಳಸಬಾರದು ಅನ್ನೋ ಪತ್ರಿಕೆ ಅದು. ನಾನು ಅತ್ತೆ ಥರ ಉಸಿರು ಕಟ್ಟಿ ಗೆರೆ ಎಳೀತಾ ಇದ್ದೆ. ಮೇಲ್ವಿಚಾರಕರು ಹಿಂದೆ ಬಂದು ನಿಂತು, "ಸ್ಕೇಲ್ ಎಲ್ಲಿಟ್ಟಿದೀಯ?" ಅಂದರು. "ಇಲ್ಲ ಸಾರ್." ಜೇಬು ತಡಕಿದರು, ಅರ್ಧ ಕಚ್ಚಿದ ನೆಲ್ಲಿಕಾಯಿ ಸಿಕ್ತು. ಬೆಂಚಿನ ಅಡಿ ಬಗ್ಗಿ ನೋಡಿದರು. ಕೊನೆಗೆ ಬೋರ್ಡ್ ಹತ್ರ ಕರ್ಕೊಂಡು ಹೋಗಿ ಚಾಕ್‌ಪೀಸ್ ಕೊಟ್ಟು, "ಎಳಿ ನೋಡಣ" ಅಂದರು. ಈ ತುದಿಯಿಂದ ಆ ತುದಿಗೆ ಒಂದು ಎಳೆದೆ. ಅವರು ತಮ್ಮ ಸ್ಕೇಲು ತಂದು ಇಟ್ಟು ನೋಡಿ ಕನ್ನಡಕ ತೆಗೆದರು.

"ಯಾರೋ ಕಲಿಸಿದ್ದು?"

"ನಮ್ಮತ್ತೆ, ಸಾರ್."

"ಯಾವ ಸ್ಕೂಲಲ್ಲಿದಾರೆ?"

"ಗದ್ದೇಲಿದಾರೆ ಸಾರ್."

ಹೀಗೆ ಮೇಷ್ಟ್ರಾದೆ. ಮೊದಲ ಪೋಸ್ಟಿಂಗ್ ತೀರ್ಥಹಳ್ಳಿ ಕಡೆ. ಅಲ್ಲಿ ಗಣಿತದ ಮೇಷ್ಟ್ರು ಒಬ್ಬರಿದ್ದರು, ಬಹಳ ಒಳ್ಳೆ ಮನುಷ್ಯ, ನನ್ನ ಪೀರಿಯಡ್ ಒಂದು ಬಿಟ್ಟು ಬೇರೇನನ್ನೂ ಯಾರಿಂದಲೂ ಕಸ್ಕೊಂಡವರಲ್ಲ. ಜೂನ್ ತಿಂಗಳಲ್ಲಿ "ಒಂದು ಪೀರಿಯಡ್ ಕೊಡಿ ಮಾರಾಯ್ರೇ, ಪಾಠ ಹಿಂದೆ ಬಿದ್ದಿದೆ" ಅಂತ ಕೇಳ್ಕೊಂಡು ಬರ್ತಿದ್ದರು. ಡಿಸೆಂಬರ್ ಹೊತ್ತಿಗೆ ಕೇಳೋದನ್ನೂ ಬಿಟ್ಟಿದ್ದರು. ನಾನು ಕ್ಲಾಸಿಗೆ ಹೋದ್ರೆ ಅವರು ಒಳಗೆ ಸೂತ್ರ ಬರೀತಾ ಇರ್ತಿದ್ದರು, ನನ್ನ ನೋಡಿ "ಎಂತ ಬಂದ್ರಿ?" ಅನ್ನೋರು. ನನಗೇನು ಕೆಲಸಕ್ಕೆ ಬರ ಇರ್ಲಿಲ್ಲ ಬಿಡಿ. ಸರ್ಟಿಫಿಕೇಟಿನಲ್ಲಿ ಹೆಸರು ಬರಿ, ಆಟದ ಮೈದಾನಕ್ಕೆ ಸುಣ್ಣದ ಗೆರೆ ಹಾಕು, ನೀರಿನ ಟ್ಯಾಂಕಿನ ಮೇಲೆ 'ಕುಡಿಯುವ ನೀರು' ಅಂತ ಬರಿ. ಹೆಡ್ ಮಾಸ್ಟರ್ ಮನೆಯ ಗೃಹಪ್ರವೇಶಕ್ಕೆ ಮನೆ ಹೆಸರಿನ ಬೋರ್ಡೂ ಬರೆದೆ. ಅಲ್ಲಿ ಮಾತ್ರ ಊಟ ಚೆನ್ನಾಗಿತ್ತು.

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ಕಡೆಗೆ ವರ್ಗ ಆದ ಮೇಲೆ ನನಗೆ ಪೀರಿಯಡ್ಡು ಸಿಕ್ತು, ಜತೆಗೆ ಬುದ್ಧಿಯೂ ಕೆಟ್ಟಿತು. ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು: ಬೋರ್ಡಿನ ಮೇಲೆ ಬರಿ, ಮಕ್ಕಳು ನೋಡಿ ಬರೆಯಲಿ, ತಪ್ಪಿದ್ದರೆ ತಿದ್ದು. ನಾನು ತಿದ್ದಿದೆ, ತಿದ್ದಿದೆ, ಕೈ ನೋಯುವಷ್ಟು ತಿದ್ದಿದೆ. ಒಂದಿನ ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದರು. ನಾನು ಬೋರ್ಡಿನ ಮೇಲೆ ಮಾವಿನಹಣ್ಣು ಬರೆದೆ, ನಲವತ್ತೆರಡು ಮಕ್ಕಳೂ ಬರೆದರು. ನಲವತ್ತೆರಡು ಮಾವಿನಹಣ್ಣು, ಎಲ್ಲಕ್ಕೂ ಎಡಗಡೆಯೇ ಎಲೆ, ಎಲ್ಲದರ ಮೂತಿಯೂ ಬಲಕ್ಕೇ. ಸಾಹೇಬರು ಖುಷಿಯಾಗಿ ಒಂದೊಂದೇ ನೋಡ್ತಾ ಹೋದವರು ನಡುವೆ ನಿಂತು, "ಎಲ್ಲ ಹಣ್ಣಿನ ಮೇಲೂ ಇದೊಂದು ಚುಕ್ಕಿ ಯಾಕ್ರೀ?" ಅಂದರು. ನಾನು ತಿರುಗಿ ಬೋರ್ಡ್ ನೋಡಿದೆ. ಬರೆಯುವಾಗ ಚಾಕ್‌ಪೀಸ್ ಮುರಿದು ಹಣ್ಣಿನ ಮೇಲೆ ಒಂದು ಚುಕ್ಕಿ ಬಿದ್ದಿತ್ತು. ಅದನ್ನೂ ನಲವತ್ತೆರಡು ಮಂದಿ ಚಾಚೂ ತಪ್ಪದೆ ಇಳಿಸಿದ್ದರು. ಮುಂದಿನ ಬೆಂಚಿನ ಹುಡುಗ ಎದ್ದು, "ಹುಳ ಸಾರ್, ಒಳಗೆ ಕೊರೆದಿದೆ" ಅಂದ. "ಭೇಷ್! ಎಂಥಾ ಪ್ರಕೃತಿ ವೀಕ್ಷಣೆ!" ಅಂತ ಸಾಹೇಬರು ವರದಿಯಲ್ಲಿ ಬರೆದು ಹೋದರು. ನಾನೂ ಎದೆ ಉಬ್ಬಿಸ್ಕೊಂಡು ಮನೆಗೆ ಹೋಗಿ ಹೆಂಡತಿ ಮುಂದೆ ಕೊಚ್ಚಿಕೊಂಡೆ. ನಗು ಬಂದಿದ್ದು ಎಷ್ಟೋ ವರ್ಷ ಆದ ಮೇಲೆ, ಅದೂ ಪೂರ್ತಿ ನಗುವಲ್ಲ.

ಈ ತಿದ್ದೋ ಚಾಳಿ ಹೊತ್ಕೊಂಡೇ ಕೊನೆಗೆ ಬ್ಯಾಕೋಡು ಕಡೆಯ ಹೈಸ್ಕೂಲಿಗೆ ಬಂದೆ. ಆಗ ಸಾಗರದಿಂದ ಅಲ್ಲಿಗೆ ಹೋಗೋದಂದ್ರೆ ಡ್ಯಾಮಿನ ಹಿನ್ನೀರು ದಾಟೋ ಲಾಂಚಿನ ಮರ್ಜಿ. ಬಸ್ಸು, ಕಾರು, ಬೈಕು, ಕೋಳಿಬುಟ್ಟಿ, ನಾನು, ಎಲ್ಲ ಒಂದೇ ಲಾಂಚಿನಲ್ಲಿ. ಹುಡುಗರ ಕೈಗೆ ಮೊಬೈಲ್ ಬಂದಿತ್ತು. 'ಪ್ರಕೃತಿ ದೃಶ್ಯ' ಬರೀರಿ ಅಂದ್ರೆ ಬ್ಯಾಕೋಡಿನ ಮಕ್ಕಳು ಹಿಮ ಬಿದ್ದ ಬೆಟ್ಟ ಬರ್ಕೊಂಡು ಬರ್ತಿದ್ದವು. ನನಗೋ ಮೂಗಿನ ತುದೀಲಿ ಕೋಪ. "ಹಿಮ ಎಲ್ಲಿ ನೋಡಿದ್ಯೋ?" ಅಂದ್ರೆ, "ಯೂಟ್ಯೂಬಲ್ಲಿ ಸಾರ್" ಅಂತಿದ್ದವು.

ಅಂಥದ್ರಲ್ಲಿ ಎಂಟನೇ ಕ್ಲಾಸಿನ ರಕ್ಷಿತಾ ಅನ್ನೋ ಹುಡುಗಿ ಒಂದಿನ ಲಾಂಚ್ ಬರೆದು ತಂದಳು. ತಾನೇ ಕಂಡ ಲಾಂಚು, ಮೊಬೈಲಿಂದ ತೆಗೆದದ್ದಲ್ಲ. ಮೇಲಿಂದ ನೋಡಿದ ಹಾಗೆ ಲಾಂಚು, ಅದರ ನಾಲ್ಕೂ ಬದಿಗೆ ಜನ ಮಲಗಿದ ಹಾಗೆ ನಿಂತಿದ್ದರು. ಬಸ್ಸಿನ ನಾಲ್ಕೂ ಚಕ್ರ ಕಾಣ್ತಿತ್ತು, ಒಳಗೆ ಡ್ರೈವರ್ ಹೊಟ್ಟೆಯೂ ಕಾಣ್ತಿತ್ತು. ನೀರಿನ ಅಡಿಗೆ ಮುಳುಗಿದ ಮರದ ಬೊಡ್ಡೆ, ಅದರ ಪಕ್ಕ ಒಂದು ಮನೆ, ಮನೆಯಲ್ಲಿ ಒಲೆ. ಇವತ್ತು ನೆನೆಸಿದ್ರೆ ಮೈ ಜುಂ ಅನ್ನುತ್ತೆ. ಅವತ್ತು ನನಗೆ ಕಂಡಿದ್ದು ಬರೀ ತಪ್ಪು. "ದೂರದ್ದು ಚಿಕ್ಕದಾಗಿ ಕಾಣ್ಬೇಕು, ಹತ್ತಿರದ್ದು ದೊಡ್ಡದಾಗಿ. ಪರ್ಸ್‌ಪೆಕ್ಟಿವ್ ಹೇಳ್ಕೊಟ್ಟಿದ್ದು ಮರೆತ್ಯಾ?" ಅಂತ, ದಪ್ಪ ಪೆನ್ಸಿಲ್ ತಗೊಂಡು ಅವಳ ಚಿತ್ರದ ಮೇಲೇ ಎಳೆದೆ. ಮಲಗಿದ್ದ ಜನರನ್ನ ಎಬ್ಬಿಸಿ ನಿಲ್ಲಿಸಿದೆ, ಬಸ್ಸಿನ ಎರಡು ಚಕ್ರ ಅಳಿಸಿದೆ, ಮುಳುಗಿದ ಮನೆ ಇರೋ ಜಾಗಕ್ಕೆ ಅಲೆ ಬರೆದೆ. ಐದೇ ನಿಮಿಷ, ಲಾಂಚು ಕ್ಯಾಲೆಂಡರಿನ ಲಾಂಚ್ ಥರ ಆಯ್ತು. "ನೋಡು, ಈಗ ಹೇಗಿದೆ!" ಅಂದೆ.

ಹುಡುಗಿ ಹಾಳೆಯನ್ನ ನನ್ನ ಕಡೆಗೇ ಸರಿಸಿದಳು. "ಚೆನ್ನಾಗಿದೆ ಸಾರ್. ಇದು ಈಗ ನಿಮ್ ಚಿತ್ರ, ನೀವೇ ಇಟ್ಕೊಳಿ."

ಅಧಿಕಪ್ರಸಂಗಿ ಅಂತ ಬೈದು ಸುಮ್ಮನಾದೆ. ಮುಂದಿನ ವಾರ ಅವಳು ಖಾಲಿ ಹಾಳೆ ಕೊಟ್ಟಳು. ಮೂಲೆಯಲ್ಲಿ ಹೆಸರು, ತರಗತಿ, ರೋಲ್ ನಂಬರು, ಮುತ್ತಿನಂಥ ಅಕ್ಷರ. ಉಳಿದದ್ದು ಬೆಳ್ಳಗೆ. ಅದರ ಮುಂದಿನ ವಾರವೂ ಹಾಗೇ. ಬೈದೆ, ಹೆದರಿಸಿದೆ, "ಎಂತಕ್ಕೆ ಬರೀತಿಲ್ಲ?" ಅಂತ ಗದರಿಸಿದೆ. "ನಾನ್ ಬರೆದ್ರೆ ನೀವು ಮತ್ತೆ ಬರೀಬೇಕಾಗತ್ತಲ್ಲ ಸಾರ್, ನಿಮಗ್ಯಾಕೆ ಎರಡೆರಡು ಕೆಲಸ" ಅಂದಳು. ಗೇಲಿ ಮಾಡೋ ದನಿ ಅಲ್ಲ ಅದು, ನನ್ನ ಕಷ್ಟ ನೋಡಿ ಮರುಗಿದ ದನಿ. ಅವಳ ಅಮ್ಮನ್ನ ಕರೆಸಿದೆ. ಗದ್ದೆಯಿಂದ ನೇರ ಬಂದಿದ್ದ ಆಯಮ್ಮ, "ಮನೇಲೂ ಬರೀತಿಲ್ಲ ಮೇಷ್ಟ್ರೇ. ಮುಂಚೆ ಕ್ಯಾಲೆಂಡರ್ ಹಿಂಭಾಗ ಒಂದನ್ನೂ ಬಿಡ್ತಿರ್ಲಿಲ್ಲ" ಅಂದರು. ಶಾಲೆಯಲ್ಲಿ ಬರೆಯದಿದ್ರೆ ಅದು ಹಟ. ಮನೇಲೂ ಬಿಟ್ಟಳು ಅಂದ್ರೆ ನಾನು ಏನನ್ನೋ ಕೊಂದಿದ್ದೆ. ಕೊಟ್ಟಿಗೆ ಗೋಡೆಯ ಮೇಲೆ ಬೆಳೆದವ ನಾನು, ನನಗಿದು ಗೊತ್ತಿರಬೇಕಿತ್ತು.

ಆಮೇಲೆ ಶುರುವಾಯ್ತು ನನ್ನ ಓಲೈಕೆ. ಸಾಗರದಿಂದ ದೊಡ್ಡ ಕಲರ್ ಬಾಕ್ಸ್ ತಂದುಕೊಟ್ಟೆ. ಎರಡು ದಿನ ಇಟ್ಕೊಂಡು, "ಸಾರ್, ಸೀಲ್ ಒಡೆದಿಲ್ಲ ನೋಡ್ಕೊಳಿ" ಅಂತ ವಾಪಸ್ ತಂದಿಟ್ಟಳು. ಡ್ರಾಯಿಂಗ್ ಲೀಡರ್ ಮಾಡಿದೆ. ಎಲ್ಲರ ಪೆನ್ಸಿಲ್ ಕೆತ್ತಿಕೊಟ್ಟಳು, ತಾನು ಮುಟ್ಟಲಿಲ್ಲ. ಕೊನೆಗೆ ನನಗೊಂದು ಮಹಾ ಉಪಾಯ ಹೊಳೀತು. ಅವಳ ಖಾಲಿ ಹಾಳೆಗೆ ಹತ್ತಕ್ಕೆ ಹತ್ತು ಹಾಕಿ, "ಏನೂ ಬರೀದಿದ್ರೂ ಎಷ್ಟು ನೀಟಾಗಿದೆ!" ಅಂತ ಕ್ಲಾಸಿಗೆಲ್ಲ ತೋರಿಸಿದೆ. ಕರಗ್ತಾಳೆ ಅಂದ್ಕೊಂಡಿದ್ದೆ. ಕರಗಿದ್ದು ಉಳಿದವರು. ಮುಂದಿನ ವಾರ ಇಡೀ ಕ್ಲಾಸು ಖಾಲಿ ಹಾಳೆ ಕೊಟ್ಟಿತು. ಒಬ್ಬ ಅಡಿಗೆ 'ಮಂಜು' ಅಂತ ಬರೆದಿದ್ದ, ಇನ್ನೊಬ್ಬಳು 'ಹಾಲು' ಅಂತ, ಮತ್ತೊಬ್ಬ 'ಸುಣ್ಣ ಹೊಡೆದ ಗೋಡೆ' ಅಂತ. ಅಲ್ಲಿನ ಹೆಡ್ ಮಾಸ್ಟರು ಆ ಕಟ್ಟು ತೆಗೆದು ನೋಡಿ, "ಇದೇನ್ರೀ, ಮಾಡರ್ನ್ ಆರ್ಟಾ?" ಅಂತ ಗಾಬರಿಯಾದರು. "ಹೌದು ಸರ್" ಅಂದೆ. ಮತ್ತೇನು ಹೇಳಲಿ? ರಕ್ಷಿತಾ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮಳೆ ಕಡಿಮೆಯಾಗಿ ಭೂಮಿ ಹುಣ್ಣಿಮೆ ಹತ್ತಿರ ಬಂತು. ಪೈರು ತುಂಬಿದ ಗದ್ದೆಗೆ ಅವತ್ತು ಬಸುರಿಗೆ ಬಡಿಸೋ ಹಾಗೆ ಬಯಕೆ ಊಟ ಬಡಿಸೋದು ನಮ್ಮ ಕಡೆಯ ಪದ್ಧತಿ. ಆ ಊಟ ಹೊರೋ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಮನೆ ಹೆಂಗಸರು ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೀತಾರೆ. ಅದು ನೆನಪಾಗಿ, ಪರ್ಸ್‌ಪೆಕ್ಟಿವ್ ಹಾಳಾಗಿ ಹೋಗ್ಲಿ ಅಂತ, ಮಕ್ಕಳಿಗೆಲ್ಲ ಮನೆಯಿಂದ ಒಂದೊಂದು ಹಳೇ ಬುಟ್ಟಿ ತರೋಕೆ ಹೇಳಿದೆ. ರಕ್ಷಿತಾಳೂ ತಂದಳು. ಕೆಮ್ಮಣ್ಣು ಬಳಿದು ಒಣಗಿಸಿಯೇ ತಂದಿದ್ದಳು, ಆದ್ರೆ ಬೆಂಚಿನ ಅಡಿಗೆ ಇಟ್ಟು ಕೈಕಟ್ಟಿ ಕೂತಳು.

ನಾನು ಒಂದು ಬುಟ್ಟಿ ಎದುರಿಗಿಟ್ಕೊಂಡು ತೋಳು ಮಡಚಿ, "ನೋಡ್ರೋ, ನಿಮ್ಮ ಮೇಷ್ಟ್ರು ಯಾರ ಸೋದರಳಿಯ ಅಂತ ನೋಡ್ರಿ" ಅಂತ ಶುರುಮಾಡಿದೆ. ನಿಜ ಹೇಳಬೇಕಂದ್ರೆ ನಾನು ಗೋಡೆ ಬರೆದವ, ಕಾಗದ ಬರೆದವ. ಬುಟ್ಟಿ ಬರೆದವನಲ್ಲ. ಗದ್ದೆ ಪೂಜೆಗೆ ಹೋಗೋ ಬುಟ್ಟಿ ಅಂತ ಅತ್ತೆ ಅದನ್ನ ನನಗೆ ಮುಟ್ಟೋಕೇ ಕೊಟ್ಟಿರ್ಲಿಲ್ಲ. ಆದ್ರೆ ಜಂಬ ಬಿಡ್ಬೇಕಲ್ಲ? ಬುಟ್ಟಿಯ ಸುತ್ತ ಭತ್ತದ ಹೊರೆ ಹೊತ್ತ ಜನರ ಸಾಲು ಬರೀತಾ ಹೋದೆ. ಒಬ್ಬೊಬ್ಬನೂ ಅಳತೆಗೆ ಸರಿಯಾಗಿ ಬಂದ. ಮಕ್ಕಳು ಬಾಯಿಬಿಟ್ಟು ನೋಡ್ತಿದ್ದವು. ಬುಟ್ಟಿ ತಿರುಗಿಸ್ತಾ ತಿರುಗಿಸ್ತಾ ಶುರು ಮಾಡಿದ ಜಾಗಕ್ಕೆ ಬರ್ತೀನಿ, ಕೊನೆಯವನಿಗೆ ಜಾಗವೇ ಇಲ್ಲ! ಕಾಗದಕ್ಕೆ ಅಂಚು ಇರುತ್ತೆ, ಅಲ್ಲಿಗೆ ನಿಲ್ಲಿಸಿದ್ರೆ ಆಯ್ತು. ಬುಟ್ಟಿ ದುಂಡಗೆ ಸುತ್ತಿ ಬರುತ್ತೆ, ಅದಕ್ಕೆ ಮೊದಲೇ ಲೆಕ್ಕ ಹಾಕ್ಬೇಕು. ಒಂದು ಕಾಲು, ಅರ್ಧ ತಲೆ, ಮುಕ್ಕಾಲು ಹೊರೆ, ಅಷ್ಟರಲ್ಲಿ ಅವನ ಮೂಗು ಮೊದಲನೆಯವನ ಬೆನ್ನಿಗೆ ತಾಗಿತು.

"ಸಾರ್, ಇವ್ನು ಬಸ್ಸಿನ ಬಾಗ್ಲಲ್ಲಿ ಸಿಕ್ಕಾಕ್ಕೊಂಡಿದಾನೆ" ಅಂದ ಒಬ್ಬ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಅದರಲ್ಲಿ ರಕ್ಷಿತಾಳ ನಗುವೂ ಕೇಳಿಸ್ತು. ಎಷ್ಟು ತಿಂಗಳಾಗಿತ್ತೋ ಅದನ್ನ ಕೇಳಿ. ನನ್ನ ಮುಖ ಇಂಗು ತಿಂದ ಮಂಗನ ಥರ ಆಗಿದ್ರೂ ಜೀವಕ್ಕೆ ಹಿತವಾಯ್ತು. ಅವಳು ನಗ್ತಾನೇ ಎದ್ದು ಬಂದು ಬುಟ್ಟಿ ನೋಡಿ, "ಮೊದ್ಲು ಬಾಯಿ ಸುತ್ತ ನಾಲ್ಕು ಕಡೆ ಚುಕ್ಕಿ ಇಟ್ಕೋಬೇಕು ಸಾರ್. ಆಮೇಲೆ ನಡುವೆ ಹಂಚ್ಕೊಳೋದು. ನಮ್ಮಜ್ಜಿ ಹಂಗೇ ಮಾಡೋದು" ಅಂದಳು.

ಇದೇ ಸಮಯ ಅಂತ ನಾನು ಕುಂಚ ಅವಳ ಕಡೆ ಚಾಚಿದೆ. "ತಗೊ ಮಾರಾಯ್ತಿ. ನನ್ನ ಬುಟ್ಟಿ ನೀನೇ ತಿದ್ದು. ಅವತ್ತು ನಿನ್ನ ಲಾಂಚು ನಾನು ತಿದ್ದಿದ್ದೆನಲ್ಲ, ಅಲ್ಲಿಗಲ್ಲಿಗೆ ಸರಿಹೋಯ್ತು."

ಅವಳ ನಗು ನಿಂತಿತು. ಕುಂಚ ಮುಟ್ಟಲಿಲ್ಲ.

"ನಿಮ್ದನ್ನ ನಾನ್ಯಾಕೆ ತಿದ್ದಲಿ ಸಾರ್? ನಿಮಗೆ ಬೇಜಾರಾಗಲ್ವಾ?"

ಇಷ್ಟು ವರ್ಷದ ಸರ್ವಿಸಿನಲ್ಲಿ ಎಷ್ಟು ಸಾವಿರ ಹಾಳೆಗಳ ಮೇಲೆ ನನ್ನ ಪೆನ್ಸಿಲ್ ಓಡಿತ್ತೋ, ಒಂದೇ ಒಂದು ಮಗುವಿಗೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. "ಆಗುತ್ತೆ. ಅವತ್ತು ನಾನು ಮಾಡಿದ್ದು ತಪ್ಪು" ಅಂದೆ, ಎಲ್ಲ ಮಕ್ಕಳಿಗೂ ಕೇಳೋ ಹಾಗೆ.

"ಹೂಂ ಸಾರ್, ತಪ್ಪೇ" ಅಂದಳು. ದಾಕ್ಷಿಣ್ಯವೇ ಇಲ್ಲ! ಆಮೇಲೆ ತಾನೇ ಹೋಗಿ ಬೋರ್ಡ್ ಒರೆಸೋ ಬಟ್ಟೆ ಒದ್ದೆ ಮಾಡಿ ತಂದು ನನ್ನ ಕೈಗಿಟ್ಟಳು. "ನೀವೇ ಒರೆಸಿ, ನೀವೇ ಮತ್ತೆ ಬರೀರಿ. ಬರತ್ತೆ ನಿಮಗೆ."

ನಾನು ಒರೆಸ್ತಾ ಕೂತೆ. ಅವಳು ಬೆಂಚಿನ ಅಡಿಯಿಂದ ತನ್ನ ಬುಟ್ಟಿ ತೆಗೆದು ತೊಡೆ ಮೇಲಿಟ್ಟುಕೊಂಡಳು. ಬಾಯಿ ಸುತ್ತ ನಾಲ್ಕು ಚುಕ್ಕಿ ಇಟ್ಟು, ಉಸಿರು ಕಟ್ಟಿ, ಒಂದು ಗೆರೆ ಎಳೆದಳು. ನಾನು ನೋಡದವನ ಹಾಗೆ ನೋಡ್ತಿದ್ದೆ. ಗಂಟೆ ಹೊಡೆದರೂ ಏಳಲಿಲ್ಲ ಹುಡುಗಿ, ನಾನೂ ಏಳಲಿಲ್ಲ. ಬರೆದು ಮುಗಿಸಿ ತಲೆ ಎತ್ತಿ ನನ್ನ ಕರೆದಳು. ಹೋದೆ ಅನ್ನೋದಕ್ಕಿಂತ ಓಡಿದೆ ಅನ್ನಬೇಕು, ಕುಂಚ ಇನ್ನೂ ಕೈಯಲ್ಲೇ ಇತ್ತು. ಅವಳು ಅದನ್ನ ನೋಡಿ ಬುಟ್ಟಿಯನ್ನ ಎದೆಗವಚಿಕೊಂಡಳು.

"ಅಲ್ಲಿಂದಲೇ ನೋಡಿ ಸಾರ್" ಅಂದಳು.

ನಾನು ಕುಂಚ ಕೆಳಗಿಟ್ಟು, ಎರಡು ಬೆಂಚು ದೂರದಲ್ಲಿ ನಿಂತು ನೋಡಿದೆ.